ಹಿರಿಯರ ಜೀವನಕಥೆ ಬರೆಯುವುದು ಹೇಗೆ: ಕಾಲೇಜು ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಹಿರಿಯರ ವಸತಿ ಕೇಂದ್ರಕ್ಕೆ ಹೋಗಿ ಅಲ್ಲಿನವರೊಬ್ಬರ ಜೀವನಕಥೆ ಬರೆದು ತನ್ನಿ ಎಂದರೆ ವಿದ್ಯಾರ್ಥಿಗಳು ತರುವ ಬರಹಗಳು ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. ಹುಟ್ಟಿದ್ದು, ಓದಿದ್ದು, ಕೆಲಸ ಸಿಕ್ಕಿದ್ದು, ಮದುವೆ, ಮಕ್ಕಳು, ನಿವೃತ್ತಿ, ಕೊನೆಗೆ ಯುವಜನರಿಗೊಂದು ಕಿವಿಮಾತು. ಹೆಸರು ಬದಲಾಯಿಸಿದರೆ ಯಾರದ್ದಾದರೂ ಆಗುವ ಕಥೆ. ಇದು ಬಯೋಡೇಟಾ, ಬದುಕಲ್ಲ.

ಪ್ರಶ್ನೆ ಕೇಳಲು ಬಾರದ್ದರಿಂದ ಹೀಗಾಗುವುದು ಕಡಿಮೆ, ಕೆಲಸದ ಕ್ರಮ ತಪ್ಪಿ ಹೀಗಾಗುವುದೇ ಹೆಚ್ಚು. ಮೊದಲ ಭೇಟಿಯಲ್ಲೇ ಫೋನ್ ಮುಂದಿಟ್ಟು ರೆಕಾರ್ಡಿಂಗ್ ಶುರು, ಒಂದೇ ಕೂರಿಕೆಯಲ್ಲಿ ಎಂಬತ್ತು ವರ್ಷ, ಸಹಿ ಕೊನೆಗೆ ಅವಸರದಲ್ಲಿ, ಕರಡು ತೋರಿಸುವುದು ಇಲ್ಲವೇ ಇಲ್ಲ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಬ್ಬರ ಕಥೆಗೆ ಆರರಿಂದ ಎಂಟು ವಾರ, ಒಟ್ಟು 30ರಿಂದ 35 ಗಂಟೆ ಕೆಲಸ ಎಂದು ಇಟ್ಟುಕೊಳ್ಳಿ. ಅದರಲ್ಲಿ ಹಿರಿಯರ ಎದುರು ಕೂರುವುದು ಐದಾರು ಗಂಟೆ ಮಾತ್ರ.

ಹಂತ 1. ಕೇಂದ್ರದವರ ಜೊತೆ ಮಾತು

ಮೊದಲು ಕೇಂದ್ರದ ಸಿಬ್ಬಂದಿಯಲ್ಲಿ ಒಬ್ಬರನ್ನು ಸಂಪರ್ಕಕ್ಕೆ ಗೊತ್ತು ಮಾಡಿಕೊಳ್ಳಿ. ಅವರಿಂದ ಮೂರು ವಿಷಯ ಬರೆದುಕೊಳ್ಳಿ: ಸದ್ದಿಲ್ಲದ ಕೋಣೆ ಯಾವುದು, ಊಟ, ಔಷಧಿ ಮತ್ತು ವ್ಯಾಯಾಮದ ವೇಳೆ ಯಾವುದು, ಮಾತಿನ ನಡುವೆ ಯಾರಿಗಾದರೂ ಹುಷಾರು ತಪ್ಪಿದರೆ ಕರೆಯಬೇಕಾದವರು ಯಾರು.

ಬೆಳಗಿನ ಹತ್ತರಿಂದ ಹನ್ನೊಂದೂವರೆ ಹೆಚ್ಚಿನವರಿಗೆ ಒಳ್ಳೆಯ ಹೊತ್ತು. ಊಟವಾದ ಮೇಲೆ ಹಲವು ಹಿರಿಯರಲ್ಲಿ ರಕ್ತದೊತ್ತಡ ಇಳಿದು ಮಂಪರು ಬರುತ್ತದೆ. ಮರೆಗುಳಿತನ ಇರುವವರಿಗೆ ಸಂಜೆಯ ಹೊತ್ತಿಗೆ ಗೊಂದಲ ಹೆಚ್ಚುವುದುಂಟು. ಕಾಲೇಜು ಮುಗಿಸಿಕೊಂಡು ನಾಲ್ಕು ಗಂಟೆಗೆ ಬರುತ್ತೇವೆ ಎನ್ನುವುದು ನಿಮ್ಮ ಅನುಕೂಲ, ಅವರದ್ದಲ್ಲ.

ಇವರು ಚೆನ್ನಾಗಿ ಮಾತಾಡುತ್ತಾರೆ ಎಂದು ಸಿಬ್ಬಂದಿ ತೋರಿಸುವವರಿಗೇ ಜೋತುಬೀಳಬೇಡಿ. ಹೇಳಿ ಹೇಳಿ ಪಳಗಿದ ಹತ್ತು ಪ್ರಸಂಗ ಅವರ ಬಳಿ ಸಿದ್ಧವಿರುತ್ತವೆ, ಅದರಾಚೆ ಹೋಗುವುದೇ ಕಷ್ಟ. ನಿಧಾನಕ್ಕೆ ಮಾತಾಡುವವರಿಂದ ಒಳ್ಳೆಯ ಕಥೆ ಬರುತ್ತದೆ, ನಿಮಗೆ ತಾಳ್ಮೆ ಇದ್ದರೆ. ಆದರೆ ಯಾರೇ ಆಗಲಿ, ಅವರೇ ಒಪ್ಪಿ ಮುಂದೆ ಬಂದಿರಬೇಕು. ಅವರ ಪರವಾಗಿ ಸಿಬ್ಬಂದಿಯೋ ಮಕ್ಕಳೋ ಹೂಂ ಎಂದರೆ ಸಾಲದು.

ಮರೆಗುಳಿತನ ಇರುವವರನ್ನು ಪಟ್ಟಿಯಿಂದ ತೆಗೆದುಹಾಕಬೇಕಿಲ್ಲ. ಭೇಟಿಯನ್ನು 20ರಿಂದ 30 ನಿಮಿಷಕ್ಕೆ ಇಳಿಸಿ, ಫೋಟೊ ಅಥವಾ ಕೈಯಲ್ಲಿ ಹಿಡಿಯಬಹುದಾದ ಹಳೆಯ ವಸ್ತುವಿನಿಂದ ಮಾತು ಶುರುಮಾಡಿ. ‘ನೆನಪಿದೆಯಾ?’ ಎಂಬ ಪ್ರಶ್ನೆ ಅವರಿಗೆ ಪರೀಕ್ಷೆಯಂತೆ ಕೇಳಿಸುತ್ತದೆ, ಅದನ್ನು ಬಿಡಿ. ಕಾನೂನುಬದ್ಧ ಪ್ರತಿನಿಧಿ ಇದ್ದರೆ ಅವರ ಸಹಿ ಬೇಕು. ಜೊತೆಗೆ ಪ್ರತಿ ಸಲವೂ ಆ ಹಿರಿಯರು ಖುಷಿಯಿಂದ ಕೂತಿದ್ದಾರೆಯೇ ಎಂದು ನೀವೇ ನೋಡಬೇಕು.

ಇಬ್ಬರು ಹೋಗಿ. ಒಬ್ಬರು ಮಾತಾಡಲಿ, ಇನ್ನೊಬ್ಬರು ಟಿಪ್ಪಣಿ ಬರೆಯುತ್ತ ರೆಕಾರ್ಡರ್ ಮೇಲೆ ಕಣ್ಣಿಡಲಿ. ಮೂವರಾದರೆ ವಿಚಾರಣೆಯ ಹಾಗಾಗುತ್ತದೆ.

ಹಂತ 2. ಬೇಕಾಗುವ ಸಲಕರಣೆ

– ರೆಕಾರ್ಡ್ ಮಾಡುವ ಎರಡು ಸಾಧನ: ಒಂದು ರೆಕಾರ್ಡರ್, ಒಂದು ಫೋನ್. ಎರಡು ಫೋನ್ ಆದರೂ ಸರಿ.
– ಅಂಗಿಗೆ ಸಿಕ್ಕಿಸುವ ಕಾಲರ್ ಮೈಕ್, ತಂತಿಯದ್ದಾದರೆ ಒಳ್ಳೆಯದು. ತಂತಿಯಿಲ್ಲದ್ದು ನಡುವೆ ಚಾರ್ಜ್ ಮುಗಿಸಿ ಕೈಕೊಡುತ್ತದೆ.
– ಹೆಡ್‌ಫೋನ್, ಪವರ್ ಬ್ಯಾಂಕ್, ಮೇಜಿನ ಮೇಲೆ ಹಾಸಲು ದಪ್ಪ ಟವೆಲ್.
– ದೊಡ್ಡ ಬಿಳಿ ಹಾಳೆಗಳು, ದಪ್ಪ ಕಪ್ಪು ಪೆನ್ನು.
– ಒಪ್ಪಿಗೆ ಪತ್ರದ ಎರಡು ಪ್ರತಿ, ಕನಿಷ್ಠ 16 ಪಾಯಿಂಟ್ ಅಕ್ಷರದಲ್ಲಿ.

ಧ್ವನಿಯನ್ನು ಕುಗ್ಗಿಸದೆ ಉಳಿಸುವ ವೇವ್ (WAV) ಕಡತದಲ್ಲಿ, 44.1 ಅಥವಾ 48 ಕಿಲೋಹರ್ಟ್ಜ್‌ನಲ್ಲಿ ರೆಕಾರ್ಡ್ ಮಾಡಿ. 16 ಬಿಟ್, 44.1 ಕಿಲೋಹರ್ಟ್ಜ್, ಸ್ಟೀರಿಯೊ ಆದರೆ ನಿಮಿಷಕ್ಕೆ ಸುಮಾರು 10 ಎಂಬಿ, ಅಂದರೆ ಗಂಟೆಗೆ 600 ಎಂಬಿಗಿಂತ ತುಸು ಹೆಚ್ಚು. ಮೋನೊ ಆದರೆ ಅದರರ್ಧ, ಮಾತಿಗೆ ಮೋನೊ ಧಾರಾಳ ಸಾಕು. ಫೋನಿನಲ್ಲಿ 2 ಜಿಬಿ ಖಾಲಿ ಇಲ್ಲದಿದ್ದರೆ ಹೊರಡುವ ಮೊದಲೇ ಖಾಲಿ ಮಾಡಿ. ಸ್ಟೋರೇಜ್ ತುಂಬಿ ರೆಕಾರ್ಡಿಂಗ್ ನಡುವೆ ನಿಂತದ್ದು ಯಾರ ಗಮನಕ್ಕೂ ಬರದಿರುವುದು ಪದೇ ಪದೇ ಆಗುವ ಅವಘಡ.

ವಿಡಿಯೊ ಬೇಕೇ? ಈ ಕೆಲಸಕ್ಕೆ ಬೇಡ. ಕ್ಯಾಮೆರಾ ಎದುರಾದರೆ ಹಿರಿಯರು ಭಾಷಣದ ದನಿಗೆ ತಿರುಗುತ್ತಾರೆ.

ಹಂತ 3. ಮೊದಲ ಭೇಟಿ, ರೆಕಾರ್ಡರ್ ಇಲ್ಲದೆ

ಈ ಭೇಟಿ 45 ನಿಮಿಷ. ರೆಕಾರ್ಡರ್ ಚೀಲದಲ್ಲೇ ಇರಲಿ. ನೀವು ಯಾರು, ಬರಹ ಯಾರು ಓದುತ್ತಾರೆ, ಒಟ್ಟು ಎಷ್ಟು ಸಲ ಬರುತ್ತೀರಿ, ಕೊನೆಗೆ ಅವರ ಕೈಗೆ ಏನು ಸೇರುತ್ತದೆ ಎನ್ನುವುದನ್ನು ಸ್ಪಷ್ಟವಾಗಿ ಹೇಳಿ. ಭೇಟಿಗಳ ಲೆಕ್ಕ ಮೊದಲೇ ಹೇಳದಿದ್ದರೆ ನೀವು ಬರುವುದು ನಿಂತ ದಿನ ಅವರು ಬಾಗಿಲು ನೋಡುತ್ತ ಕೂರುತ್ತಾರೆ.

ಹೇಗೆ ಕರೆಯಬೇಕು ಎಂದು ಅವರನ್ನೇ ಕೇಳಿ. ಸಲುಗೆಯಿರಲಿ ಎಂದು ಎಲ್ಲರನ್ನೂ ಅಜ್ಜ, ಅಜ್ಜಿ ಎನ್ನುವುದು ಬೇಡ. ಮೂವತ್ತು ವರ್ಷ ಮೇಡಂ ಅನ್ನಿಸಿಕೊಂಡವರಿಗೆ ಅಪರಿಚಿತರ ಬಾಯಲ್ಲಿ ಅಜ್ಜಿ ಎಂಬ ಮಾತು ಇರುಸುಮುರುಸಾಗಬಹುದು. ಇನ್ನು ಕೆಲವರಿಗೆ ಅದೇ ಹಿತ.

ಈ ಭೇಟಿಯಲ್ಲಿ ನೀವು ಗಮನಿಸಬೇಕಾದದ್ದು ಅವರ ಕಿವಿ. ವಯಸ್ಸಿನಿಂದ ಬರುವ ಕಿವುಡಿನಲ್ಲಿ ಮೊದಲು ಹೋಗುವುದು ಎತ್ತರದ ಸ್ಥಾಯಿಯ ಧ್ವನಿಗಳು. ಸ್ವರಗಳು ಕೇಳಿಸುತ್ತವೆ, ಸ, ಶ, ತ, ಫದಂಥ ವ್ಯಂಜನಗಳು ಜಾರಿಹೋಗುತ್ತವೆ. ಆದ್ದರಿಂದಲೇ ‘ಕೇಳಿಸ್ತದೆ, ಅರ್ಥ ಆಗಲ್ಲ’ ಎನ್ನುತ್ತಾರೆ. ಕಿರುಚಿದರೆ ಸ್ವರವಷ್ಟೇ ಇನ್ನೂ ಜೋರಾಗುತ್ತದೆ. ದನಿ ಸ್ವಲ್ಪ ತಗ್ಗಿಸಿ, ನಿಧಾನವಾಗಿ, ಮುಖ ಎದುರಿಟ್ಟು ಮಾತಾಡಿ. ಬೆಳಕು ನಿಮ್ಮ ಮುಖದ ಮೇಲಿರಲಿ, ಬೆನ್ನ ಹಿಂದೆ ಕಿಟಕಿ ಬೇಡ. ಯಾವ ಕಿವಿ ಚೆನ್ನಾಗಿದೆ ಎಂದು ಕೇಳಿ ಆ ಪಕ್ಕಕ್ಕೆ ಕುರ್ಚಿ ಎಳೆದುಕೊಳ್ಳಿ. ಒಂದು ಪ್ರಶ್ನೆ ಅರ್ಥವಾಗದಿದ್ದರೆ ಅದನ್ನೇ ಮತ್ತೆ ಹೇಳುವ ಬದಲು ಬೇರೆ ಪದಗಳಲ್ಲಿ ಕೇಳಿ. ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಬಂದರೆ ಮರೆವು ಎಂದು ತೀರ್ಮಾನಿಸುವ ಮೊದಲು ಶ್ರವಣಸಾಧನದ ಬ್ಯಾಟರಿ ಇದೆಯೇ ನೋಡಿ.

ಹೊರಡುವ ಮೊದಲು ದೊಡ್ಡ ಹಾಳೆಯಲ್ಲಿ ಒಂದು ಉದ್ದ ಗೆರೆ ಎಳೆದು, ಅವರು ಬಾಳಿದ ಊರು, ಮನೆ, ಕೆಲಸಗಳನ್ನು ಅವರು ಹೇಳಿದಂತೆ ಗುರುತು ಹಾಕಿ. ಇಸವಿ ನೆನಪಿಲ್ಲದಿದ್ದರೆ ‘ದೊಡ್ಡ ಮಗಳು ಹುಟ್ಟುವ ಮುಂಚೆ’ ಎಂದೇ ಬರೆಯಿರಿ. ಬಯೋಡೇಟಾದ ವಿಷಯವೆಲ್ಲ ಈ ಹಾಳೆಗೆ ಇಳಿದುಬಿಟ್ಟರೆ ರೆಕಾರ್ಡಿಂಗ್ ಸಮಯ ಉಳಿಯುತ್ತದೆ.

ಹಂತ 4. ಒಪ್ಪಿಗೆ, ಎರಡು ಸಲ

ಮೊದಲ ಒಪ್ಪಿಗೆ ರೆಕಾರ್ಡಿಂಗಿಗೆ, ಅದು ಮೊದಲ ಭೇಟಿಯ ಕೊನೆಗೆ. ಎರಡನೆಯದು ಬರಹ ಹೊರಗೆ ಹೋಗುವುದಕ್ಕೆ, ಅದು ಕರಡು ಓದಿ ಕೇಳಿಸಿದ ಮೇಲೆ. ಎರಡನ್ನೂ ಒಂದೇ ಸಹಿಯಲ್ಲಿ ಮುಗಿಸುವುದು ತಪ್ಪು. ತಾನು ಇನ್ನೂ ಹೇಳದ ಮಾತನ್ನು ಪ್ರಕಟಿಸಲು ಯಾರಾದರೂ ಹೇಗೆ ಒಪ್ಪಿಯಾರು? ಮೇಲಾಗಿ ರೆಕಾರ್ಡ್ ಆದ ಮಾತಿನ ಹಕ್ಕು ಹಲವು ದೇಶಗಳಲ್ಲಿ ಮಾತಾಡಿದವರದ್ದೇ ಆಗಿರುತ್ತದೆ. ಕಾಲೇಜಿನ ಬಳಿ ಸಿದ್ಧ ನಮೂನೆ ಇದ್ದರೆ ಅದನ್ನೇ ಬಳಸಿ.

ಪತ್ರದಲ್ಲಿ ಇರಬೇಕಾದದ್ದು: ರೆಕಾರ್ಡಿಂಗ್ ಎಲ್ಲಿರುತ್ತದೆ, ಎಷ್ಟು ಕಾಲ, ಯಾವ ಪ್ರಶ್ನೆಗೂ ಉತ್ತರಿಸದೆ ಇರಬಹುದು, ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಸ್ವಂತ ಹೆಸರು ಬೇಕೋ ಬದಲಿ ಹೆಸರು ಬೇಕೋ, ಕೆಲಸ ಮುಗಿಯುವ ಮೊದಲು ತಮಗೆ ಏನಾದರೂ ಆದರೆ ಕಡತ ಯಾರಿಗೆ ಸೇರಬೇಕು. ಕೊನೆಯದನ್ನು ಕೇಳಲು ವಿದ್ಯಾರ್ಥಿಗಳಿಗೆ ಮುಜುಗರ, ಹಿರಿಯರಿಗೆ ಅಷ್ಟೇನಿಲ್ಲ. ಪತ್ರವನ್ನು ಜೋರಾಗಿ ಓದಿ ಹೇಳಿ. ನಂತರ ‘ನಾವು ಇದನ್ನು ಏನು ಮಾಡ್ತೀವಿ ಅಂತ ನಿಮಗೆ ಅನ್ನಿಸಿತು?’ ಎಂದು ಅವರ ಬಾಯಲ್ಲೇ ಹೇಳಿಸಿ. ಆಗ ತಿಳಿಯುತ್ತದೆ ಅರ್ಥವಾಗಿದೆಯೋ ಇಲ್ಲವೋ.

ಹಂತ 5. ಪ್ರಶ್ನೆಗಳ ತಯಾರಿ

ನಲವತ್ತು ಪ್ರಶ್ನೆಗಳ ಪಟ್ಟಿ ಬೇಡ. ಪಟ್ಟಿ ಉದ್ದವಾದಷ್ಟೂ ನಿಮ್ಮ ಕಣ್ಣು ಕಾಗದದ ಮೇಲಿರುತ್ತದೆ. ಒಂದು ಭೇಟಿಗೆ ಎರಡು ವಿಷಯ, ಒಂದೊಂದಕ್ಕೆ ನಾಲ್ಕೈದು ಪ್ರಶ್ನೆ ಸಾಕು.

ವಿಷಯ ಆರಿಸುವಾಗ ಒಂದು ಸಂಗತಿ ನೆನಪಿರಲಿ. ವಯಸ್ಸಾದವರ ನೆನಪಿನಲ್ಲಿ ಹತ್ತರಿಂದ ಮೂವತ್ತರ ವಯಸ್ಸಿನ ಘಟನೆಗಳು ಉಳಿದ ಕಾಲಕ್ಕಿಂತ ದಟ್ಟವಾಗಿರುತ್ತವೆ, ನೆನಪಿನ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡದ್ದಿದು. ಮೊದಲ ರೆಕಾರ್ಡಿಂಗನ್ನು ಆ ವರ್ಷಗಳಿಂದ ಶುರುಮಾಡಿ. ಹುಟ್ಟಿದ ದಿನದಿಂದ ಶುರುಮಾಡಿದರೆ ಇತರರಿಂದ ಕೇಳಿ ತಿಳಿದದ್ದನ್ನೇ ಅವರು ಹೇಳಬೇಕಾಗುತ್ತದೆ.

‘ನಿಮ್ಮ ಜೀವನದ ಅತ್ಯಂತ ಸಂತೋಷದ ಕ್ಷಣ ಯಾವುದು?’ ಎಂಬ ಜಾತಿಯ ಪ್ರಶ್ನೆಗಳನ್ನು ಹೊಡೆದುಹಾಕಿ. ಎಂಬತ್ತು ವರ್ಷವನ್ನು ತೂಗಿ ಒಂದನ್ನು ಆರಿಸುವುದು ಯಾರಿಂದಲೂ ಆಗದು. ಆದ್ದರಿಂದ ಮದುವೆ ಅಥವಾ ಮಕ್ಕಳು ಹುಟ್ಟಿದ್ದು ಎಂಬ ಸಿದ್ಧ ಉತ್ತರ ಬರುತ್ತದೆ. ‘ಇಂದಿನ ಯುವಕರಿಗೆ ಏನು ಹೇಳ್ತೀರಿ?’ ಕೂಡ ಬೇಡ.

ಬದಲಿಗೆ ಜಾಗ, ಕೈ, ಕ್ರಮ ಇವುಗಳ ಬಗ್ಗೆ ಕೇಳಿ. ಬಾಲ್ಯದ ಮನೆಯ ನಕ್ಷೆ ಹಾಕಿಸಿ: ಬಾಗಿಲು ಎಲ್ಲಿ, ಮಲಗುತ್ತಿದ್ದುದು ಎಲ್ಲಿ, ಯಾರ ಪಕ್ಕ ಯಾರು. ಪೆನ್ನು ಹಿಡಿಯಲಾಗದವರಿಗೆ ನೀವೇ ಅವರು ಹೇಳಿದಂತೆ ಗೆರೆ ಎಳೆಯಿರಿ. ನೀವು ತಪ್ಪು ಎಳೆದರೆ ಇನ್ನೂ ಒಳ್ಳೆಯದು, ತಿದ್ದುವ ಭರದಲ್ಲಿ ಮನೆಯ ಕಥೆ ತಾನಾಗಿ ಬರುತ್ತದೆ. ಕೆಲಸದ ವಿಷಯಕ್ಕೆ ಒಂದು ದಿನವನ್ನು ಬೆಳಿಗ್ಗೆಯಿಂದ ರಾತ್ರಿವರೆಗೆ ಹೇಳಿಸಿ. ಅಚ್ಚುಕೂಟದಲ್ಲಿ ಮೊಳೆ (ಅಕ್ಷರದ ಲೋಹದ ಅಚ್ಚು) ಜೋಡಿಸುತ್ತಿದ್ದ ಒಬ್ಬರನ್ನು ಕೇಳುತ್ತಿದ್ದೀರಿ ಎಂದುಕೊಳ್ಳಿ.

ವಿದ್ಯಾರ್ಥಿ: ನಿಮ್ಮ ಕೆಲಸ ನಿಮಗೆ ಇಷ್ಟವಾಗಿತ್ತಾ?
ಹಿರಿಯರು: ಹ್ಞೂಂ, ಇಷ್ಟ ಇತ್ತು.
ವಿದ್ಯಾರ್ಥಿ: ಎಷ್ಟು ವರ್ಷ ಮಾಡಿದ್ರಿ?
ಹಿರಿಯರು: ಮೂವತ್ತೊಂದು.

ಮಾತು ಅಲ್ಲಿಗೆ ಮುಗಿಯಿತು. ಅದನ್ನೇ ಹೀಗೆ ಕೇಳಿ ನೋಡಿ.

ವಿದ್ಯಾರ್ಥಿ: ಬೆಳಿಗ್ಗೆ ಪ್ರೆಸ್ಸಿಗೆ ಹೋದ ತಕ್ಷಣ ಮೊದಲು ಏನು ಮಾಡ್ತಿದ್ರಿ?
ಹಿರಿಯರು: ಹಿಂದಿನ ದಿನದ ಮೊಳೆ ಎಲ್ಲ ಬಿಚ್ಚಿ ವಾಪಸ್ ಖಾನೆಗೆ ಹಾಕೋದು. ಅದಾಗದೆ ಹೊಸ ಕೆಲಸ ಇಲ್ಲ.
ವಿದ್ಯಾರ್ಥಿ: ಯಾವ ಖಾನೆ ಅಂತ ಹೇಗೆ ಗೊತ್ತಾಗ್ತಿತ್ತು?
ಹಿರಿಯರು: ಗೊತ್ತಾಗೋದೇನು, ಕೈಗೆ ಗೊತ್ತು. ಕಣ್ಣು ಮುಚ್ಚಿದ್ರೂ ಹಾಕ್ತಿದ್ದೆ. ಹೊಸ ಹುಡುಗರು ತಪ್ಪು ಖಾನೆಗೆ ಹಾಕಿಬಿಡೋರು, ಮಾರನೇ ದಿನ ಬೈಗುಳ ನಮಗೆ.

ಈಗ ಬೈಗುಳ ಕೊಟ್ಟವರು ಯಾರು, ಹೊಸ ಹುಡುಗರು ಎಲ್ಲಿಯವರು, ಅವರಿಗೆ ಕಲಿಸಿದವರು ಯಾರು ಎಂದು ಹತ್ತು ದಾರಿ ತೆರೆದವು.

ಹಂತ 6. ಕೋಣೆ, ಕುರ್ಚಿ, ಮೈಕ್

ನಿಗದಿಯಾದ ಹೊತ್ತಿಗಿಂತ 20 ನಿಮಿಷ ಮೊದಲು ತಲುಪಿ. ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ದನಿ ಗುಂಯ್‌ಗುಟ್ಟಿದರೆ ಪರದೆ, ಹಾಸಿಗೆ, ಕಂಬಳಿ ಇರುವ ಕೋಣೆಗೆ ಬದಲಾಯಿಸಿ. ಮನುಷ್ಯನ ಕಿವಿ ಫ್ಯಾನು, ಫ್ರಿಜ್ಜು, ಗೋಡೆ ಗಡಿಯಾರಗಳ ಸದ್ದನ್ನು ಪಕ್ಕಕ್ಕೆ ಸರಿಸಿ ಕೇಳುತ್ತದೆ, ಮೈಕ್ ಹಾಗಲ್ಲ. ಆರಿಸಬಹುದಾದ್ದನ್ನು ಆರಿಸಿ. ಸೆಕೆ ಇದ್ದರೆ ಮಾತ್ರ ಫ್ಯಾನ್ ಇರಲಿ, ಅವರ ಆರಾಮ ನಿಮ್ಮ ಧ್ವನಿಯ ಗುಣಮಟ್ಟಕ್ಕಿಂತ ಮುಖ್ಯ.

ಕಾಲರ್ ಮೈಕನ್ನು ಗದ್ದದಿಂದ 15ರಿಂದ 20 ಸೆಂಟಿಮೀಟರ್ ಕೆಳಗೆ, ಸರ ಅಥವಾ ಸೆರಗು ತಾಗದ ಕಡೆ ಸಿಕ್ಕಿಸಿ. ಅವರ ಅನುಮತಿ ಕೇಳಿ, ಆದಷ್ಟೂ ಅವರೇ ಸಿಕ್ಕಿಸಿಕೊಳ್ಳಲಿ. ಮೇಜಿನ ಮೇಲಿಡುವ ಸಾಧನವಾದರೆ ಟವೆಲಿನ ಮೇಲೆ, ಬಾಯಿಂದ 30 ಸೆಂಟಿಮೀಟರ್ ಆಸುಪಾಸಿನಲ್ಲಿ. ಫೋನು ಏರ್‌ಪ್ಲೇನ್ ಮೋಡ್‌ನಲ್ಲಿರಲಿ, ಕರೆ ಬಂದರೆ ಕೆಲವು ಫೋನುಗಳಲ್ಲಿ ರೆಕಾರ್ಡಿಂಗ್ ನಿಂತುಬಿಡುತ್ತದೆ. ಧ್ವನಿಯ ಮಟ್ಟ ತೋರಿಸುವ ಸಾಧನವಾದರೆ ಜೋರು ಮಾತು ಮೈನಸ್ 12 ಡೆಸಿಬೆಲ್ ಹತ್ತಿರ ಇರಲಿ, ನಗು ಬಂದಾಗ ಒಡೆಯುವುದಿಲ್ಲ.

ಮೂವತ್ತು ಸೆಕೆಂಡ್ ಪರೀಕ್ಷೆಗೆ ರೆಕಾರ್ಡ್ ಮಾಡಿ ಹೆಡ್‌ಫೋನ್‌ನಲ್ಲಿ ಕೇಳಿ. ಪರದೆಯ ಮೇಲೆ ಅಲೆ ಕುಣಿಯುತ್ತಿದೆ ಎಂದು ನಂಬಬೇಡಿ, ಕೇಳಿ. ನಂತರ ನಿಜವಾದ ರೆಕಾರ್ಡಿಂಗ್ ಶುರುಮಾಡಿ, ದಿನಾಂಕ, ಜಾಗ, ಭೇಟಿಯ ಸಂಖ್ಯೆ ಮತ್ತು ಇರುವವರ ಹೆಸರು ಹೇಳಿ. ನೀರು ಅವರ ಕೈಗೆಟಕುವಂತಿರಲಿ, ಶೌಚಾಲಯದ ದಾರಿಗೆ ನಿಮ್ಮ ಚೀಲ, ತಂತಿ ಅಡ್ಡ ಬರದಿರಲಿ. ತಂತಿಗೆ ಕಾಲು ಸಿಕ್ಕಿ ಹಿರಿಯರು ಬಿದ್ದರೆ ಅದು ಸಣ್ಣ ಸಂಗತಿಯಲ್ಲ.

ಹಂತ 7. ಮಾತುಕತೆ

ರೆಕಾರ್ಡಿಂಗಿಗೆ ಮೂರು ಭೇಟಿ, ಒಂದೊಂದು ಕೂರಿಕೆ 60 ನಿಮಿಷ, ಹೆಚ್ಚೆಂದರೆ 75. ಅವರು ಉತ್ಸಾಹದಲ್ಲಿದ್ದರೂ ನಿಲ್ಲಿಸಿ. ಎರಡು ಭೇಟಿಗಳ ನಡುವೆ ನಾಲ್ಕರಿಂದ ಏಳು ದಿನ ಬಿಡಿ. ಆ ನಡುವೆ ಅವರಿಗೆ ಮರೆತದ್ದೆಲ್ಲ ಒಂದೊಂದಾಗಿ ನೆನಪಾಗುತ್ತದೆ. ‘ಹೋದ ಸಲ ಹೇಳಿದ ಮೇಲೆ ಏನಾದ್ರೂ ನೆನಪಾಯ್ತಾ?’ ಎಂದೇ ಮುಂದಿನ ಭೇಟಿ ಶುರುವಾಗಲಿ. ಹೆಚ್ಚಿನ ಸಲ ಇಡೀ ಕಥೆಯ ಅತ್ಯುತ್ತಮ ಭಾಗ ಈ ಪ್ರಶ್ನೆಗೇ ಬರುತ್ತದೆ.

ಒಂದು ಸಲಕ್ಕೆ ಒಂದೇ ಪ್ರಶ್ನೆ. ಉತ್ತರ ಮುಗಿಯಿತು ಅನ್ನಿಸಿದ ಮೇಲೆ ಮನಸ್ಸಿನಲ್ಲೇ ಎಂಟರವರೆಗೆ ಎಣಿಸಿ. ಹೊಸಬರಿಗೆ ಈ ಮೌನ ಸಹಿಸಲಾಗುವುದಿಲ್ಲ, ಮೂರನೇ ಸೆಕೆಂಡಿಗೇ ಮುಂದಿನ ಪ್ರಶ್ನೆ ಹಾಕುತ್ತಾರೆ. ಹಿರಿಯರಿಗೆ ಹೆಸರು, ಜಾಗ ನೆನಪಿನಿಂದ ಮೇಲೆ ಬರಲು ಹೊತ್ತು ಬೇಕು. ನಡುವೆ ಹೂಂಗುಟ್ಟುವುದನ್ನೂ ಕಡಿಮೆ ಮಾಡಿ, ತಲೆಯಾಡಿಸಿದರೆ ಸಾಕು. ನಿಮ್ಮ ‘ಹೌದಾ, ಓಹ್’ಗಳು ರೆಕಾರ್ಡಿಂಗಿನಲ್ಲಿ ಅವರ ಮಾತಿನ ಮೇಲೆ ಬಿದ್ದಿರುತ್ತವೆ.

ಇಸವಿ ತಪ್ಪು ಹೇಳಿದರೆ ಅಲ್ಲೇ ತಿದ್ದಬೇಡಿ. ದೂರದ ಘಟನೆ ಹತ್ತಿರದಲ್ಲಿ ನಡೆದಂತೆ ತೋರುವುದು ನೆನಪಿನ ಸಹಜ ಗುಣ. ಟಿಪ್ಪಣಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಮನೆಗೆ ಬಂದು ಪರಿಶೀಲಿಸಿ. ಹೆಸರುಗಳ ಕಾಗುಣಿತವನ್ನು ಮಾತ್ರ ಕೊನೆಯ ಐದು ನಿಮಿಷದಲ್ಲಿ ಕೇಳಿಕೊಳ್ಳಿ, ನಡುವೆ ತಡೆದು ಅಲ್ಲ.

ಮಗನೋ ಸೊಸೆಯೋ ಪಕ್ಕದಲ್ಲಿ ಕೂತರೆ ಕಥೆ ಬದಲಾಗುತ್ತದೆ. ಅವರೆದುರು ಹೇಳಬಹುದಾದಷ್ಟನ್ನೇ ಹಿರಿಯರು ಹೇಳುತ್ತಾರೆ. ದಂಪತಿಗಳಾದರೆ ಒಬ್ಬರ ವಾಕ್ಯವನ್ನು ಇನ್ನೊಬ್ಬರು ಮುಗಿಸುತ್ತಾರೆ. ಬೇರೆ ಬೇರೆ ರೆಕಾರ್ಡ್ ಮಾಡಿ, ಕೊನೆಗೆ ಬೇಕಿದ್ದರೆ ಒಟ್ಟಿಗೆ ಒಂದು ಸಲ.

ಇವುಗಳಲ್ಲಿ ಯಾವುದು ಕಂಡರೂ ಮಾತು ನಿಲ್ಲಿಸುವ ಹೊತ್ತು ಬಂದಿದೆ: ಉತ್ತರಗಳು ಒಂದೊಂದು ಪದಕ್ಕೆ ಇಳಿಯುವುದು, ಗಡಿಯಾರದತ್ತ ಪದೇ ಪದೇ ನೋಟ, ಬಟ್ಟೆಯ ಅಂಚು ಹಿಂಡುವುದು, ಈಗಷ್ಟೇ ಹೇಳಿದ್ದನ್ನು ಮತ್ತೆ ಹೇಳುವುದು, ದನಿ ಕುಗ್ಗುವುದು. ಮಾತು ತಟ್ಟನೆ ತೊದಲಿದರೆ, ಮುಖದ ಒಂದು ಬದಿ ಜೋತರೆ, ಒಂದು ತೋಳು ಸೋತರೆ ಅದು ಆಯಾಸವಲ್ಲ, ಪಾರ್ಶ್ವವಾಯುವಿನ ಲಕ್ಷಣ. ಕ್ಷಣವೂ ತಡಮಾಡದೆ ಸಿಬ್ಬಂದಿಯನ್ನು ಕರೆಯಿರಿ.

ಕಣ್ಣೀರು ಬಂದರೆ ಗಾಬರಿಬಿದ್ದು ರೆಕಾರ್ಡರ್ ಆರಿಸಬೇಡಿ, ವಿಷಯವನ್ನೂ ಬದಲಿಸಬೇಡಿ. ಅದು ಅವರ ದುಃಖವನ್ನು ಪಕ್ಕಕ್ಕೆ ತಳ್ಳಿದ ಹಾಗೆ. ಸುಮ್ಮನಿದ್ದು, ಸ್ವಲ್ಪ ಹೊತ್ತಾದ ಮೇಲೆ ‘ನಿಲ್ಲಿಸೋಣವೇ, ಇರಲಿಯೇ?’ ಎಂದು ಕೇಳಿ, ಅವರು ಹೇಳಿದಂತೆ ಮಾಡಿ. ನೀವು ಆಪ್ತಸಲಹೆಗಾರರಲ್ಲ, ಸಮಾಧಾನದ ಉಪನ್ಯಾಸ ಬೇಡ. ಆದರೆ ಅಂಥ ನೆನಪಿನ ಬೆನ್ನಿಗೇ ಎದ್ದು ಹೊರಡಬೇಡಿ. ಹಗುರಾದ ವಿಷಯಕ್ಕೆ ಬಂದು ಹತ್ತು ನಿಮಿಷ ಕೂತು, ಹೊರಡುವಾಗ ಸಿಬ್ಬಂದಿಗೆ ‘ಇವತ್ತು ಸ್ವಲ್ಪ ಬೇಸರದಲ್ಲಿದ್ದಾರೆ, ನೋಡಿಕೊಳ್ಳಿ’ ಎಂದಷ್ಟೇ ಹೇಳಿ. ಏನು ಹೇಳಿದರು ಎಂಬುದು ಸಿಬ್ಬಂದಿಗೆ ಬೇಕಿಲ್ಲ.

ಇದಕ್ಕೆ ಒಂದು ಅಪವಾದ ಇದೆ. ಈಗ ತಮಗೆ ಯಾರೋ ಹೊಡೆಯುತ್ತಾರೆ, ಹಣ ಕಸಿಯುತ್ತಾರೆ, ಅಥವಾ ಬದುಕೇ ಬೇಡವಾಗಿದೆ ಎಂದರೆ ಗುಟ್ಟು ಕಾಯುತ್ತೇನೆ ಎಂದು ಮಾತು ಕೊಡಬೇಡಿ. ಇದನ್ನು ನಾನು ಹೇಳಲೇಬೇಕಾಗುತ್ತದೆ ಎಂದು ಅವರಿಗೇ ತಿಳಿಸಿ, ಅದೇ ದಿನ ನಿಮ್ಮ ಅಧ್ಯಾಪಕರಿಗೂ ಕೇಂದ್ರದ ಹೊಣೆ ಹೊತ್ತವರಿಗೂ ಹೇಳಿ. ಆರೋಪ ಆ ಕೇಂದ್ರದವರ ಮೇಲೇ ಇದ್ದರೆ ಅಧ್ಯಾಪಕರಿಗೆ ಮಾತ್ರ ತಿಳಿಸಿ, ಮುಂದಿನದ್ದನ್ನು ಅವರು ನೋಡಲಿ.

ಹಣ, ಉಡುಗೊರೆ ತೆಗೆದುಕೊಳ್ಳಬೇಡಿ. ಬ್ಯಾಂಕಿನ ಕೆಲಸ, ಓಟಿಪಿ, ಸಹಿಗಳಿಗೆ ಸಹಾಯ ಕೇಳಿದರೆ ಸಿಬ್ಬಂದಿಯ ಹೆಸರು ಹೇಳಿ. ಹಳೆಯ ಫೋಟೊಗಳನ್ನು ಸ್ಕ್ಯಾನ್ ಮಾಡಿಸಿ ತರುತ್ತೇನೆ ಎಂದು ಒಯ್ಯಬೇಡಿ. ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಫೋನನ್ನು ಫೋಟೊಗೆ ಸಮಾನಾಂತರ ಹಿಡಿದು ಅಲ್ಲೇ ತೆಗೆದುಕೊಳ್ಳಿ. ಹಿಂಬದಿಯನ್ನೂ ತೆಗೆಯಿರಿ, ಹೆಸರು ಮತ್ತು ತಾರೀಕು ಇರುವುದು ಅಲ್ಲಿ.

ಹಂತ 8. ಅದೇ ದಿನ ಮುಗಿಸಬೇಕಾದ ಕೆಲಸ

ಮನೆ ತಲುಪಿದ ಕೂಡಲೇ ಕಡತವನ್ನು ಮೂರು ಕಡೆ ಇಡಿ: ಕಂಪ್ಯೂಟರ್, ಪೆನ್‌ಡ್ರೈವ್, ಕಾಲೇಜು ಒಪ್ಪಿದ ಕ್ಲೌಡ್. ಕಡತದ ಹೆಸರು ‘2026-02-14-ಹಿ07-ಭೇಟಿ2’ ಹೀಗಿರಲಿ, ಇಸವಿ ಮೊದಲು ಬಂದರೆ ಕಡತಗಳು ತಾವಾಗಿ ಸಾಲಾಗಿ ನಿಲ್ಲುತ್ತವೆ. ಹಿರಿಯರ ನಿಜವಾದ ಹೆಸರು ಕಡತದ ಮೇಲೆ ಬೇಡ, ಸಂಕೇತ ಸಾಕು. ಸಂಕೇತದ ಪಟ್ಟಿ ಬೇರೆ ಕಡೆ ಇರಲಿ. ರೆಕಾರ್ಡಿಂಗಿನ ತುಣುಕನ್ನು ವಾಟ್ಸ್ಯಾಪ್ ಗುಂಪಿಗೆ ಹಾಕುವ ಚಪಲ ಬಿಡಿ.

ಜೊತೆಗೆ ಒಂದು ಪುಟ ಟಿಪ್ಪಣಿ ಬರೆಯಿರಿ, ಮೈಕಿಗೆ ಸಿಗದ್ದನ್ನೆಲ್ಲ. ಯಾವ ಮಾತಿಗೆ ಕೈ ಹೇಗೆ ಆಡಿತು, ಎಲ್ಲಿ ನಕ್ಕರು, ಮೇಜಿನ ಮೇಲೆ ಏನಿತ್ತು, ರೆಕಾರ್ಡರ್ ಆರಿಸಿದ ಮೇಲೆ ಏನು ಹೇಳಿದರು. ಈ ಕೊನೆಯದನ್ನು ಬಳಸಬೇಕೆಂದರೆ ಮತ್ತೆ ಕೇಳಿ ಒಪ್ಪಿಗೆ ಪಡೆಯಬೇಕು. ರಾತ್ರಿ ಕಳೆದರೆ ಇದರಲ್ಲಿ ಅರ್ಧ ಮರೆತಿರುತ್ತದೆ.

ಹಂತ 9. ಧ್ವನಿಯನ್ನು ಬರಹಕ್ಕಿಳಿಸುವುದು

ಒಂದು ಗಂಟೆಯ ಧ್ವನಿಗೆ ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ, ಹೊಸಬರಿಗೆ ಇನ್ನೂ ಹೆಚ್ಚು. ಮುಂದಿನ ಭೇಟಿಗೆ ಮೊದಲೇ ಹಿಂದಿನದ್ದನ್ನು ಇಳಿಸಿ. ಮೂರೂ ಭೇಟಿ ಮುಗಿಸಿ ಒಟ್ಟಿಗೆ ಕೂತರೆ ಬಿಟ್ಟುಹೋದ ಎಳೆಗಳನ್ನು ಕೇಳಲು ಭೇಟಿಯೇ ಉಳಿದಿರುವುದಿಲ್ಲ. ಇಲ್ಲಿ ಎಡವುವವರೇ ಹೆಚ್ಚು.

ಐದೈದು ನಿಮಿಷಕ್ಕೆ ಸಮಯ ಗುರುತು ಹಾಕಿ. ಕೇಳಿಸದ ಕಡೆ ಊಹಿಸಿ ತುಂಬಬೇಡಿ, ‘[ಅಸ್ಪಷ್ಟ 00:14:32]’ ಎಂದು ಬರೆದು ಅವರನ್ನೇ ಕೇಳಿ. ತಾನಾಗಿ ಬರೆಯುವ ತಂತ್ರಾಂಶ ಬಳಸಬಹುದು, ಆದರೆ ಅದು ಊರು, ವ್ಯಕ್ತಿ, ಕಸುಬಿನ ಪದಗಳಲ್ಲಿ ಎಡವುತ್ತದೆ. ಆಡುಮಾತನ್ನು ಸದ್ದಿಲ್ಲದೆ ಗ್ರಂಥಭಾಷೆಗೆ ತಿದ್ದಿಯೂ ಬಿಡುತ್ತದೆ. ಧ್ವನಿ ಯಾರ ಸರ್ವರಿಗೆ ಹೋಗುತ್ತದೆ ಎಂದು ನೋಡಿ, ಒಪ್ಪಿಗೆ ಪತ್ರದಲ್ಲಿ ಅದಕ್ಕೆ ಅವಕಾಶವಿದ್ದರೆ ಮಾತ್ರ ಬಳಸಿ.

ಹಂತ 10. ಕಥೆ ಕಟ್ಟುವುದು

ಮೂರು ಗಂಟೆಯ ಮಾತಿನಿಂದ 2000ದಿಂದ 3000 ಪದಗಳ ಕಥೆ ಮಾಡಬೇಕು, ಅಂದರೆ ಹೆಚ್ಚಿನದ್ದನ್ನು ಬಿಡಬೇಕು. ಬರಹವನ್ನು ಮುದ್ರಿಸಿ, ಓದುತ್ತ, ಎಲ್ಲಿ ನೀವು ಗಕ್ಕನೆ ನಿಂತಿರೋ ಅಲ್ಲಿ ಗೆರೆ ಎಳೆಯಿರಿ. ಅಂಥ ಐದಾರು ಪ್ರಸಂಗಗಳು ಸಿಕ್ಕಿದರೆ ಅವೇ ಕಥೆಯ ಬೆನ್ನೆಲುಬು. ಇಸವಿ, ಹುದ್ದೆಗಳು ಅವುಗಳ ನಡುವೆ ಒಂದೊಂದು ಸಾಲಾಗಿ ಬರಲಿ. ಹುಟ್ಟಿನಿಂದಲೇ ಶುರುವಾಗಬೇಕೆಂಬ ನಿಯಮ ಇಲ್ಲ.

‘ನಾನು’ ಎಂದು ಅವರ ದನಿಯಲ್ಲೋ ‘ಅವರು’ ಎಂದು ನಿಮ್ಮ ದನಿಯಲ್ಲೋ? ಮಾತಿನಲ್ಲಿ ಸ್ವಂತ ಲಯ ಇರುವವರಿಗೆ ಮೊದಲನೆಯದು ಒಪ್ಪುತ್ತದೆ. ತುಣುಕು ತುಣುಕಾಗಿ ಮಾತಾಡುವವರನ್ನು ಹಾಗೆ ಬರೆದರೆ ನೀವು ಬಹಳಷ್ಟು ಕಟ್ಟಬೇಕಾಗುತ್ತದೆ, ಅಂಥವರಿಗೆ ಎರಡನೆಯದು ಪ್ರಾಮಾಣಿಕ.

ತಿದ್ದುವಾಗ ಎಲ್ಲಿ ನಿಲ್ಲಬೇಕು ಎನ್ನುವುದಕ್ಕೆ ಮೊಳೆಯ ಉದಾಹರಣೆಯನ್ನೇ ನೋಡಿ. ಧ್ವನಿಯಲ್ಲಿದ್ದದ್ದು: ‘ಅದು... ಮೊಳೆ ಬಿಚ್ಚಿ, ಬಿಚ್ಚಿ ಹಾಕ್ಬೇಕಿತ್ತಲ್ಲ, ಖಾನೆಗೆ, ಗೊತ್ತಾಗೋದೇನು, ಕೈಗೆ ಗೊತ್ತು ಅದು, ಕಣ್ಣು ಮುಚ್ಚಿದ್ರೂನೂ.’ ಕೆಡಿಸಿದ ರೂಪ: ‘ದೀರ್ಘಕಾಲದ ಅನುಭವದಿಂದ ಅವರು ತಮ್ಮ ವೃತ್ತಿಯಲ್ಲಿ ಅಪಾರ ಪರಿಣತಿ ಗಳಿಸಿದ್ದರು.’ ಸರಿಯಾದ ರೂಪ: ‘ಮೊಳೆ ಬಿಚ್ಚಿ ಖಾನೆಗೆ ಹಾಕಬೇಕಿತ್ತು. ಯಾವ ಖಾನೆ ಅಂತ ಗೊತ್ತಾಗೋದೇನು, ಕೈಗೆ ಗೊತ್ತು. ಕಣ್ಣು ಮುಚ್ಚಿದ್ರೂ ಹಾಕ್ತಿದ್ದೆ.’ ತೊದಲು, ಪುನರುಕ್ತಿ ಹೋಗಲಿ. ಪದ, ಕ್ರಿಯಾಪದದ ರೂಪ, ವಾಕ್ಯದ ತಿರುವು ಅವರದ್ದೇ ಇರಲಿ. ‘ಅಪಾರ’, ‘ಅವಿಸ್ಮರಣೀಯ’, ‘ಸಾರ್ಥಕ ಬದುಕು’ ನಿಮ್ಮ ಕರಡಿನಲ್ಲಿ ಕಂಡರೆ ಅಲ್ಲಿ ವಿವರ ಕಾಣೆಯಾಗಿದೆ ಎಂದೇ ಅರ್ಥ, ಧ್ವನಿಗೆ ಹಿಂದಿರುಗಿ.

ನಾಲ್ಕು ವಿಷಯ ಪರಿಶೀಲಿಸದೆ ಮುಂದೆ ಹೋಗಬೇಡಿ: ಸಾರ್ವಜನಿಕ ಘಟನೆಗಳ ಇಸವಿ, ಊರುಗಳ ಹೆಸರು, ಸಂಸ್ಥೆಗಳ ಹೆಸರು, ಜೀವಂತ ಮೂರನೆಯವರ ಮೇಲಿನ ಆರೋಪ. ನೆನಪಿಗೂ ದಾಖಲೆಗೂ ತಾಳೆಯಾಗದಿದ್ದರೆ ಅವರ ಮಾತನ್ನು ಅವರದ್ದಾಗಿಯೇ ಉಳಿಸಿ, ನಿಮ್ಮ ನಿರೂಪಣೆಯಲ್ಲಿ ಸರಿಯಾದ ಇಸವಿ ಹಾಕಿ. ಅಣ್ಣ ಆಸ್ತಿ ನುಂಗಿದ, ನೆರೆಯವರು ಕದ್ದರು ಎಂಬಂಥ ಮಾತಿಗೆ ಹೆಸರು ಮತ್ತು ಗುರುತು ತೆಗೆಯಿರಿ. ಉತ್ತರ ಕೊಡಲು ಅವರು ನಿಮ್ಮೆದುರಿಲ್ಲ.

ಹಂತ 11. ಓದಿ ಕೇಳಿಸುವುದು

ಕರಡನ್ನು ಕೊಟ್ಟು ಬರುವುದಲ್ಲ, ಎದುರು ಕೂತು ಜೋರಾಗಿ, ನಿಧಾನವಾಗಿ ಓದಿ. ಕಣ್ಣು ಸೋತವರಿಗೆ ಇದೊಂದೇ ದಾರಿ, ಉಳಿದವರಿಗೂ ಇದೇ ಒಳ್ಳೆಯದು. ‘ಹಾಗಲ್ಲ ಅದು’ ಎಂದು ಅವರು ತಡೆಯುವ ಕಡೆಯೆಲ್ಲ ನಿಮಗೆ ಹೊಸ ವಿಷಯ ಸಿಗುತ್ತದೆ. ಕರಡಿನ ಒಂದು ಪ್ರತಿಯನ್ನು ಒಂದು ವಾರ ಅವರ ಬಳಿ ಬಿಡಿ: 18 ಪಾಯಿಂಟ್ ಅಕ್ಷರ, ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ, ಹೊಳಪಿಲ್ಲದ ಕಾಗದ, ಒಂದೇ ಬದಿ ಮುದ್ರಣ. ಹಿಂಬದಿ ಅವರು ಬರೆಯಲು.

ತೆಗೆಯಿರಿ ಎಂದದ್ದನ್ನು ತೆಗೆಯಬೇಕು, ಅದು ಕಥೆಯ ಅತ್ಯುತ್ತಮ ಭಾಗವಾಗಿದ್ದರೂ. ಬದಲಿ ಹೆಸರಿನಲ್ಲಿ ಇಡಬಹುದೇ ಎಂದು ಒಂದು ಸಲ ಕೇಳಬಹುದು, ಎರಡನೇ ಸಲ ಕೇಳಬಾರದು. ಮಕ್ಕಳು ಬಂದು ಇದು ಬೇಡ ಎಂದರೆ? ಕಥೆ ಹಿರಿಯರದ್ದು, ಅವರ ಮಾತೇ ಕೊನೆ. ಆದರೆ ಮಕ್ಕಳ ಖಾಸಗಿ ವಿಷಯವಾದರೆ, ಅವರ ಕಾಯಿಲೆಯೋ ವಿಚ್ಛೇದನವೋ ಆದರೆ, ಮಕ್ಕಳನ್ನೂ ಕೇಳಬೇಕು.

ಎಲ್ಲ ತಿದ್ದುಪಡಿ ಮುಗಿದ ಮೇಲೆ ಎರಡನೇ ಒಪ್ಪಿಗೆಗೆ ಸಹಿ. ಇದು ಕೊನೆಯದಕ್ಕಿಂತ ಹಿಂದಿನ ಭೇಟಿ ಎಂದು ಆ ದಿನವೇ ಹೇಳಿ.

ಹಂತ 12. ಪ್ರತಿ ಒಪ್ಪಿಸುವುದು, ಕಡತ ತೆರವು

ಕೊನೆಯ ಪ್ರತಿಯನ್ನು ಸುರುಳಿ ಬೈಂಡಿಂಗ್ ಮಾಡಿಸಿ, ತೊಡೆಯ ಮೇಲೆ ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ, ನಡುಗುವ ಕೈಗೂ ಪುಟ ತಿರುವಲು ಸುಲಭ. ಎಷ್ಟು ಪ್ರತಿ, ಯಾರ್ಯಾರಿಗೆ ಎಂದು ಅವರನ್ನೇ ಕೇಳಿ. ಕೇಂದ್ರದ ಗ್ರಂಥಾಲಯಕ್ಕೂ ಅವರು ಹೇಳದೆ ಕೊಡಬೇಡಿ. ಧ್ವನಿ ಕಡತವನ್ನೂ ಪೆನ್‌ಡ್ರೈವಿನಲ್ಲಿ ಹಾಕಿಕೊಡಿ. ಮನೆಯವರು ಮುಂದೆ ಹೆಚ್ಚು ಸಲ ತೆರೆಯುವುದು ಬರಹವನ್ನಲ್ಲ, ಅದನ್ನು.

ಒಪ್ಪಿಗೆ ಪತ್ರದಲ್ಲಿ ಹೇಳಿದ ಅವಧಿ ಮುಗಿದ ದಿನ ಫೋನು, ಕಂಪ್ಯೂಟರ್, ಕ್ಲೌಡ್ ಎಲ್ಲದರಿಂದಲೂ ನಿಮ್ಮ ಪ್ರತಿಗಳನ್ನು ಅಳಿಸಿ. ರಿಸೈಕಲ್ ಬಿನ್, ಇಮೇಲ್‌ನ ಲಗತ್ತು, ಜೊತೆಗಾರರ ಫೋನು ಇವನ್ನೂ ನೋಡಿ, ಮರೆತುಹೋಗುವುದು ಇವೇ. ಅಳಿಸಿದ ದಿನಾಂಕವನ್ನು ಸಂಕೇತದ ಪಟ್ಟಿಯಲ್ಲಿ ಬರೆದು, ಆ ಪಟ್ಟಿಯನ್ನು ಅಧ್ಯಾಪಕರಿಗೆ ಒಪ್ಪಿಸಿ.